ಬೈಗುಳವಿಲ್ಲದ ಪತ್ರ

ಗೂರ್ಸಿ
14 ನವೆಂಬರ್ 2010

ನಾಯಿ ತಲೆ ಬೇಯಿಸಿ ತಿನ್ನುವ ಒಡೀಲಳಿಗೆ,

ಇನ್ನೂ ಬದುಕಿದ್ದೀಯಾ? ಬದುಕಿದ್ದರೆ ಎದ್ದು ನಿಂತು ಓದು. ಬರೆಯುತ್ತಿರುವವಳು ನಿನ್ನ ಒಡತಿ. ನಾವು ಮೋಸ್ಸಿಗಳು, ನೀವು ಸಾಮೊಗಳು ಒಬ್ಬರನ್ನೊಬ್ಬರು ಆಳು ಎಂದು ಬೈಯದಿದ್ದರೆ ಅಜ್ಜಂದಿರು ಕಟ್ಟಿದ ನಂಟೇ ಹರಿದುಹೋಗುತ್ತದಲ್ಲ.

ನನ್ನ ಫೋನಿಗೆ ಕರೆ ಯಾಕೆ ಹೋಗುತ್ತಿಲ್ಲ ಎಂದು ನೀನು ತಲೆ ಕೆಡಿಸಿಕೊಂಡಿರುತ್ತೀಯ. ಹೋದ ವಾರ ದೊಲೊ ಕುದಿಯುವ ಹಂಡೆಯ ಮೇಲೆ ಬಗ್ಗಿದ್ದೆ, ಸೊಂಟದ ಗಂಟಿನಿಂದ ಜಾರಿ ಒಳಗೆ ಬಿತ್ತು. ಹುಟ್ಟು ಹಾಕಿ ತೆಗೆಯುವಷ್ಟರಲ್ಲಿ ಜೋಳದ ಜೊತೆ ಅದೂ ಬೆಂದಿತ್ತು. ಆ ಹಂಡೆಯ ಹೆಂಡ ಕುಡಿದವರು ಈ ಸಲ ಚೆನ್ನಾಗಿ ಏರುತ್ತದೆ ಅಂದರು. ಇನ್ನೊಂದು ಸೋರೆಬುರುಡೆ ತುಂಬಿಕೊಟ್ಟೆ.

ಹೊಸ ಫೋನ್ ತೆಗೆದುಕೊಳ್ಳುವ ಮನಸ್ಸಿಲ್ಲ. ಫೋನಿನಲ್ಲಿ ಬೈದರೆ ಅದು ನಮ್ಮಿಬ್ಬರಿಗೇ ಮುಗಿಯಿತು. ಕಾಗದದಲ್ಲಿ ಬೈದರೆ ಲೂಸಿಯೂ ಓದುತ್ತಾಳೆ. ನಿನ್ನ ಹಳೆಯ ಪತ್ರಗಳನ್ನು ತೆಗೆದುಕೊಂಡು ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೀನು ನೋಡಬೇಕು. ಆ ನಗು ಅಂಗಳಕ್ಕೆಲ್ಲ ಕೇಳಿಸುತ್ತದೆ, ಅವಳೊಬ್ಬಳಿಗೆ ಕೇಳಿಸುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಊರಲ್ಲೆಲ್ಲ ಮೈಕ್ ಕಟ್ಟಿಕೊಂಡು ಸಾರುತ್ತಿದ್ದಾರೆ. ಕತ್ತು ಸೆಟೆಯುವ ಜ್ವರಕ್ಕೆ, ನೀನು ಮೆನಿಂಜೈಟಿಸ್ ಅನ್ನುತ್ತೀಯಲ್ಲ ಅದಕ್ಕೆ, ಹೊಸ ಸೂಜಿ ಬರುತ್ತದಂತೆ. ನಮ್ಮ ದೇಶಕ್ಕೇ ಮೊದಲು, ಬಿಟ್ಟಿ. ನನ್ನ ಚಪ್ಪರದಡಿ ಕೂತು ಕುಡಿಯುವವರಿಗೆ ಬೇರೆ ಮಾತೇ ಇಲ್ಲ. ಒಬ್ಬ ಹೇಳುತ್ತಾನೆ, "ಮೂರು ವರ್ಷದ ಹಿಂದೆ ಚುಚ್ಚಿದ್ರಲ್ಲ, ಅದೇನು ಹಳಸೋಯ್ತಾ?" ಇನ್ನೊಬ್ಬ, "ಹೊಸದು ಅಂದ್ರೆ ನಮ್ಮ ಮೇಲೆ ಪರೀಕ್ಷೆ ಮಾಡೋದು." ಮತ್ತೊಬ್ಬ ದೊಡ್ಡ ಪಂಡಿತ, "ಮಾವಿನಹಣ್ಣು ತಿನ್ನೋದು ಬಿಟ್ರೆ ಆ ಜ್ವರಾನೇ ಬರಲ್ಲ" ಅಂತ. ನಾನು ಸೌಟು ತೋರಿಸಿದೆ, ಬುರುಡೆಗೆ ಬಾಯಿ ಹಾಕಿದ.

ನನಗೆ ಬೇಕಾಗಿರುವುದು ನರ್ಸಮ್ಮನಾದ ನಿನ್ನ ಮಾತು. ಲೂಸಿಯ ಮಗಳು ನೊಯೆಲಿ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ಅಳಿಯನೋ ಗಡಿಯಾಚೆ ಕೋಕೋ ತೋಟದ ಕೂಲಿಗೆ ಹೋದವನು, ಮಗುವಿನ ಜವಾಬ್ದಾರಿಯೆಲ್ಲ ನಮ್ಮದೇ. ಒಣ ಗಾಳಿ ಶುರುವಾಗಿದೆ ಒಡೀಲ್. ತೊಂಬತ್ತಾರನೇ ಇಸವಿಯ ಗಾಳಿ ಹೇಗಿತ್ತು ಎಂದು ನಾನು ಮರೆತಿಲ್ಲ, ನೀನೂ ಮರೆತಿಲ್ಲ. ಆಗ ನೀನು ಇದೇ ಊರಿನ ಆಸ್ಪತ್ರೆಯಲ್ಲಿದ್ದೆ. ಅದರ ಹಿಂದಿನ ಶೆಡ್ಡಿನಿಂದ ನನ್ನ ಲೂಸಿ ಎದ್ದು ಬಂದಳು, ಕಿವಿ ಮಾತ್ರ ಅಲ್ಲೇ ಬಿಟ್ಟು ಬಂದಳು. ಉಳಿದದ್ದನ್ನು ನಾವಿಬ್ಬರೂ ಮಾತಾಡುವುದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಇನ್ನೊಂದು. ನನ್ನ ಕಿರಿಯ ಮಗ ಅರ್ಜುಮಾ ಚಿನ್ನ ತೋಡುತ್ತೇನೆ ಎಂದು ನಿಮ್ಮ ತೂಗಾನ್ ಕಡೆ ಬಂದಿದ್ದಾನೆ. ಕಣ್ಣಿಗೆ ಬಿದ್ದರೆ ಕಿವಿ ಹಿಂಡು.

ನಿನ್ನ ಒಡತಿ,
ತಲಾತೊ


ತೂಗಾನ್
23 ನವೆಂಬರ್ 2010

ಕತ್ತೆ ಮಾಂಸದ ತಲಾತೊಗೆ,

ಆಳು ಒಡತಿಗೆ "ಎದ್ದು ನಿಂತು ಓದು" ಎಂದು ಬರೆಯುವ ಕಾಲ ಬಂತು. ಮೋಸ್ಸಿಗಳಿಗೆ ಓದು ಕಲಿಸಿದ್ದೇ ತಪ್ಪು. ಮಲಗಿಕೊಂಡು ಓದಿದೆ.

ನಿನ್ನ ಪಂಡಿತರಿಗೆ ಉತ್ತರ ಹೇಳು. ಹಳೆಯ ಸೂಜಿ ಮೂರು ವರ್ಷ ಕಳೆಯುವಷ್ಟರಲ್ಲಿ ಬಲ ಕಳೆದುಕೊಳ್ಳುತ್ತದೆ, ಎಳೆ ಮಕ್ಕಳಿಗಂತೂ ಅದು ಸರಿಯಾಗಿ ಹತ್ತುವುದೇ ಇಲ್ಲ. ಹೊಸದು ಬಹಳ ವರ್ಷ ಕಾಯುತ್ತದೆ. ಪರೀಕ್ಷೆಯೆಲ್ಲ ವರ್ಷಗಟ್ಟಲೆ ಮಾಡಿ ಮುಗಿಸಿ ಕಳಿಸಿದ್ದಾರೆ. ಮಾವಿನಹಣ್ಣಿಗೂ ಈ ರೋಗಕ್ಕೂ ಒಂದೇ ಸಂಬಂಧ, ಎರಡೂ ಬಿಸಿಲು ಏರುವಾಗ ಬರುತ್ತವೆ. ರೋಗಾಣು ಇರುವುದು ಹಣ್ಣಿನಲ್ಲಲ್ಲ, ಧೂಳಿನಲ್ಲೂ ಅಲ್ಲ, ಮನುಷ್ಯರ ಗಂಟಲಿನಲ್ಲಿ. ಹೊತ್ತುಕೊಂಡು ತಿರುಗುವವನಿಗೆ ಎಷ್ಟೋ ಸಲ ಏನೂ ಆಗುವುದಿಲ್ಲ. ಅವನು ಕೆಮ್ಮಿದಾಗ, ಮುದ್ದಿಸಿದಾಗ, ಅವನು ಕುಡಿದ ಬುರುಡೆಯಲ್ಲೇ ಇನ್ನೊಬ್ಬ ಕುಡಿದಾಗ ದಾಟುತ್ತದೆ. ಒಣ ಗಾಳಿಗೆ ಗಂಟಲು ಬಿರಿದಿರುತ್ತದೆ ನೋಡು, ಅದಕ್ಕೆ ಒಳಗೆ ಇಳಿಯಲು ದಾರಿ ಆಗುತ್ತದೆ.

ಇನ್ನು ಕೂತುಕೊಂಡು ಓದು. ಸೂಜಿ ಒಂದು ವರ್ಷ ತುಂಬಿದವರಿಂದ ಇಪ್ಪತ್ತೊಂಬತ್ತರವರೆಗೆ. ನೊಯೆಲಿಗೆ ವರ್ಷ ತುಂಬುವುದು ಕ್ರಿಸ್‌ಮಸ್‌ಗೆ. ಅಷ್ಟರಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹೋಗಿರುತ್ತಾರೆ. ಅವಳಿಗೆ ಸಿಗುವುದಿಲ್ಲ ತಲಾತೊ.

ಅಳುತ್ತಾ ಕೂರಬೇಡ, ಕೇಳು. ಈ ಹೊಸ ಸೂಜಿಯ ಹೆಚ್ಚುಗಾರಿಕೆ ಏನೆಂದರೆ, ಹಾಕಿಸಿಕೊಂಡವನ ಗಂಟಲಿನಲ್ಲಿ ಆ ರೋಗಾಣುವಿಗೆ ಜಾಗ ಸಿಗುವುದು ಕಷ್ಟ. ಅವನಿಂದ ಮುಂದಕ್ಕೆ ದಾಟುವುದೂ ಕಷ್ಟ. ಮೇಕೆ ಬಾಯಿ ಹಾಕದಿರಲಿ ಎಂದು ಎಳೆ ಗಿಡದ ಸುತ್ತ ಮುಳ್ಳು ಕಟ್ಟುವುದಿಲ್ಲವೇ? ಹಾಗೆ ನೊಯೆಲಿಯ ಸುತ್ತ ಇರುವ ಪ್ರತಿಯೊಬ್ಬರಿಗೂ ಹಾಕಿಸು. ಲೂಸಿ, ನಿನ್ನ ಮೈದುನನ ಮಕ್ಕಳು, ನೀರು ತರುವ ಹುಡುಗಿಯರು, ಚಪ್ಪರಕ್ಕೆ ಬರುವ ಪಡ್ಡೆಗಳು, ಎಲ್ಲರೂ. ಒಂದು ಕಡೆ ಸಂದು ಬಿಟ್ಟರೆ ಮೇಕೆ ಅಲ್ಲೇ ನುಗ್ಗುತ್ತದೆ. ನಿನ್ನ ಸಂದು ಯಾವುದು ಗೊತ್ತಾ? ಅರ್ಜುಮಾ. ಗುಂಡಿಯೊಳಗೆ ನೂರಾರು ಜನರ ನಡುವೆ ಇದ್ದು, ಮಾವಿನ ಕಾಲಕ್ಕೆ ಮನೆಗೆ ಬಂದು, ಮೊದಲು ಎತ್ತಿಕೊಳ್ಳುವುದೇ ಆ ಮಗುವನ್ನು. ಅವನನ್ನು ನನಗೆ ಬಿಡು.

ಮಗುವಿಗೆ ಹುಟ್ಟಿದ ಮೇಲೆ ಹಾಕುವ ಸೂಜಿಗಳು ಆಗಿವೆಯಲ್ಲ? ಅದರಲ್ಲೂ ಒಂದು ಇದೇ ರೋಗ ತರುವ ಬೇರೆ ರೋಗಾಣುವಿಗೆ. ಒಂದೇ ಸೂಜಿ ಎಲ್ಲದಕ್ಕೂ ಆಗುವುದಿಲ್ಲ. ಆದ್ದರಿಂದ ಲಕ್ಷಣ ನೆನಪಿಟ್ಟುಕೋ, ಲೂಸಿಗೂ ತೋರಿಸು. ಜ್ವರ, ವಾಂತಿ, ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದು, ಎತ್ತಿಕೊಂಡರೆ ಇನ್ನಷ್ಟು ಚೀರುವುದು, ನೆತ್ತಿಯ ಮೆತ್ತನೆ ಜಾಗ ಉಬ್ಬುವುದು, ಕತ್ತು ಬಗ್ಗದಿರುವುದು. ಇದರಲ್ಲಿ ಯಾವುದು ಕಂಡರೂ ಬೇರು, ಹೊಗೆ, ಪಾದ್ರಿ ಯಾರೂ ಮೊದಲಲ್ಲ. ಮೊದಲು ಆಸ್ಪತ್ರೆ. ಆಮೇಲೆ ಬೇಕಾದರೆ ನಿನ್ನ ಕತ್ತೆಗಳನ್ನೂ ಕರೆಸಿ ಪೂಜೆ ಮಾಡಿಸು.

ನಿಜವಾದ ಒಡತಿ,
ಒಡೀಲ್


ಗೂರ್ಸಿ
11 ಡಿಸೆಂಬರ್ 2010

ನಾಯಿ ಬಾಲವನ್ನೂ ಬಿಡದ ಒಡೀಲಳಿಗೆ,

ಅಂಗಳದ ಅಷ್ಟೂ ಜನಕ್ಕೆ ಆಯಿತು. ಶಾಲೆಯ ಬೇವಿನ ಮರದ ಕೆಳಗೆ ಮೇಜು ಹಾಕಿದ್ದರು. ಸಾಲು ಮಾರುಕಟ್ಟೆಯವರೆಗೆ ಇತ್ತು. ಲೂಸಿ ಮೊದಲೇ ತೋಳು ಮಡಿಸಿ ನಿಂತಿದ್ದಳು, ಚುಚ್ಚುವಾಗ ಮುಖ ಕೂಡ ಸಿಂಡರಿಸಲಿಲ್ಲ. ಆಮೇಲೆ ಕೈಯಾಡಿಸಿ ನನಗೆ ಹೇಳಿದಳು, ಇಷ್ಟೇನಾ, ಇದಕ್ಕೇ ಆಗ ಅಷ್ಟು ತಡವಾದದ್ದಾ ಎಂದು.

ನೊಯೆಲಿಗೆ ಸಿಗುವುದಿಲ್ಲ ಎಂದು ನೀನು ಬರೆದರೂ ನಾನು ಒಂದು ಪ್ರಯತ್ನ ಮಾಡಿದೆ. ನಗಬೇಡ. ನೊಯೆಲಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಾಲಿನಲ್ಲಿ ನಿಂತೆ. ಮೇಜಿನ ಹಿಂದೆ ಎಳೇ ವಯಸ್ಸಿನ ನರ್ಸ್ ಹುಡುಗಿ.

"ಮಗೂಗೆ ಎಷ್ಟು ತಿಂಗಳು ಅಜ್ಜಿ?"

"ಹದಿಮೂರು," ಅಂದೆ, ಕಣ್ಣು ಮಿಟುಕಿಸದೆ.

"ಹೆಸರೇನು?"

"ನೊಯೆಲಿ."

"ಓ, ಕ್ರಿಸ್‌ಮಸ್ ದಿನ ಹುಟ್ಟಿದ್ದಾ?"

"ಹೂಂ ಮತ್ತೆ, ಚರ್ಚಿನ ಗಂಟೆ ಹೊಡೀತಿತ್ತು..."

"ಹಾಗಾದ್ರೆ ಗೂರ್ಸಿಯಲ್ಲಿ ಹೋದ ವರ್ಷ ಕ್ರಿಸ್‌ಮಸ್ ನವೆಂಬರಲ್ಲೇ ಬಂದಿತ್ತಾ ಅಜ್ಜಿ?"

ಸಾಲಿಗೆ ಸಾಲೇ ನಕ್ಕಿತು. ಹುಡುಗಿ ಒಳ್ಳೆಯವಳು, ಕೈ ಹಿಡಿದು ಕೂರಿಸಿ ಹೇಳಿದಳು, "ಕಾನೂನಿದೆ ಅಜ್ಜಿ, ಆಗಲ್ಲ. ಮನೆಯವರಿಗೆಲ್ಲ ಹಾಕಿಸಿ, ಮಗು ಕ್ಷೇಮವಾಗಿರ್ತಾಳೆ." ನಿನ್ನ ಮಾತನ್ನೇ ಹೇಳಿದಳು. ನಿನ್ನ ಮಾತು ನಿನ್ನ ಬಾಯಿಂದ ಬಂದಾಗ ನಂಬುವುದಕ್ಕೆ ನಾಚಿಕೆ ಆಗುತ್ತದೆ, ಮೋಸ್ಸಿ ಹುಡುಗಿಯ ಬಾಯಿಂದ ಬಂದದ್ದರಿಂದ ನಂಬಿದೆ. ನನ್ನ ತೋಳೂ ಚಾಚಿದೆ. ಮುದುಕಿಯರಿಗೆ ಇಲ್ಲವಂತೆ. ಅವಮಾನ ನುಂಗಿಕೊಂಡು ಬಂದೆ.

ಚಪ್ಪರದಡಿ ಈಗ ನನ್ನದೇ ಕಾನೂನು. ಇಪ್ಪತ್ತೊಂಬತ್ತರ ಒಳಗಿನವನು ಸೂಜಿಯ ಕಾರ್ಡ್ ತೋರಿಸದಿದ್ದರೆ ದೊಲೊ ಇಲ್ಲ, ನೀರೂ ಇಲ್ಲ. "ತಲಾತೊ, ನೀನು ದೊಲೊ ಮಾರ್ತೀಯೋ ಔಷಧಿ ಮಾರ್ತೀಯೋ?" ಅಂತ ಗಲಾಟೆ ಮಾಡಿದರು. ಎರಡೇ ದಿನ. ಮೂರನೇ ದಿನ ಎಲ್ಲರ ಜೇಬಿನಲ್ಲೂ ಕಾರ್ಡ್. ಬೈಸಿಕಲ್ ರಿಪೇರಿಯ ಬೋಳು ತಲೆಯವನು ಬಂದು, "ನಂದು ಕೇಳೇ ಇಲ್ವಲ್ಲ, ನಂಗೂ ಇಪ್ಪತ್ತೆಂಟೇ" ಅಂದ. ಅವನಿಗೆ ಮೊಮ್ಮಕ್ಕಳಿದ್ದಾರೆ.

ಒಂದು ಮಾತ್ರ ಕಷ್ಟವಾಯಿತು. ದೊಲೊ ತುಂಬಿಕೊಡುವಾಗ ಮಾರುವವಳು ಮೊದಲ ಗುಟುಕು ತಾನು ಕುಡಿದು ತೋರಿಸಿ ಬುರುಡೆಯನ್ನು ಕೈಗೆ ಕೊಡಬೇಕು. ನಮ್ಮಮ್ಮ ಹಾಗೆ ಕೊಟ್ಟಳು, ಅವಳಮ್ಮ ಹಾಗೆ ಕೊಟ್ಟಳು. ನಾನು ಈಗ ನನ್ನ ಬುರುಡೆ ಬೇರೆ ಇಟ್ಟುಕೊಂಡು ಅದರಲ್ಲಿ ಕುಡಿದು ತೋರಿಸುತ್ತೇನೆ. ಮುದುಕರು ಮುಖ ತಿರುಗಿಸಿದರು. "ನೊಯೆಲಿಗೋಸ್ಕರ" ಅಂದೆ. ಬುರುಡೆ ತೆಗೆದುಕೊಂಡು ಕುಡಿದರು.

ಉಳಿದವನು ಅರ್ಜುಮಾ ಒಬ್ಬ. ಸೂಜಿ ಹಾಕಿಸಿಕೊಳ್ಳುವುದಿಲ್ಲ ಎಂದು ಬಸ್ಸಿನ ಡ್ರೈವರ್ ಕೈಯಲ್ಲಿ ಹೇಳಿಕಳಿಸಿದ್ದಾನೆ. ಗಂಡಸ್ತನ ಹೋಗುತ್ತದಂತೆ. ಅವನನ್ನು ಹೆತ್ತದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ, ನಿನಗೆ ಅವಕಾಶ ಕೊಡಬಾರದೆಂದು.

ತಲಾತೊ


ತೂಗಾನ್
17 ಡಿಸೆಂಬರ್ 2010

ಸುಳ್ಳು ಸಾಕ್ಷಿ ಹೇಳಿ ಸಿಕ್ಕಿಬಿದ್ದ ಮೋಸ್ಸಿ ಮುದುಕಿಗೆ,

ನವೆಂಬರ್‌ನಲ್ಲಿ ಬಂದ ಕ್ರಿಸ್‌ಮಸ್ಸನ್ನು ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಇಲ್ಲಿಯ ಕಾಂಪೌಂಡರ್ ನಿನಗೆ ಹಬ್ಬದ ಶುಭಾಶಯ ಹೇಳಿದ್ದಾನೆ, ತಡವಾದದ್ದಕ್ಕೆ ಕ್ಷಮೆ ಇರಲಿ ಅಂತ.

ನಿನ್ನ ಮಗನ ಕಥೆ ಕೇಳು. ಸೂಜಿಯ ಪೆಟ್ಟಿಗೆ ಹೊತ್ತುಕೊಂಡು ನಾವು ಚಿನ್ನದ ಗುಂಡಿಗಳ ಹತ್ತಿರ ಹೋದೆವು. ಊರುದ್ದದ ಸಾಲು. ಅರ್ಜುಮಾ ಎಲ್ಲಿ ಎಂದರೆ ಹಗ್ಗ ಎಳೆಯುವವರು ಕೆಳಗೆ ಬೆರಳು ತೋರಿಸಿದರು. ನಾನು ಬರುವ ಸುದ್ದಿ ಕೇಳಿ ಗುಂಡಿಗೆ ಇಳಿದಿದ್ದ. ಬಾಯಿಯ ಹತ್ತಿರ ಕೂತು ಕೂಗಿದೆ.

"ಯಾರದು?" ಅಂತ ಕೆಳಗಿನಿಂದ.

"ನಿಮ್ಮಮ್ಮನ ಒಡತಿ. ನನ್ನ ಆಳು ಒಬ್ಬ ತಪ್ಪಿಸ್ಕೊಂಡಿದಾನೆ, ಹುಡುಕ್ತಾ ಬಂದೆ."

"ಚಿಕ್ಕಮ್ಮ, ನಾನು ಹಾಕಿಸ್ಕೊಳಲ್ಲ. ಗಂಡಸ್ತನ ಹೋಗತ್ತೆ."

"ಮೋಸ್ಸಿಗಳಿಗೆ ಇದ್ರೆ ತಾನೆ ಹೋಗೋದಕ್ಕೆ!"

ಸುತ್ತ ನಿಂತಿದ್ದ ಸಾಮೊ ಹುಡುಗರೆಲ್ಲ ಹೋ ಅಂತ ಕೂಗಿದರು. ಆದರೂ ಅವನು ಬರಲಿಲ್ಲ. ಆಗ ನಾನೇನು ಮಾಡಿದೆ ಗೊತ್ತಾ? ಆ ಧೂಳಿನಲ್ಲಿ, ಬಿಳಿ ಕೋಟಿನಲ್ಲೇ, ಗುಂಡಿಯ ಬಾಯಿಯ ಪಕ್ಕದಲ್ಲಿ ಮಲಗಿ ಕೈ ಎದೆಯ ಮೇಲೆ ಕಟ್ಟಿಕೊಂಡು ಕಣ್ಣು ಮುಚ್ಚಿದೆ. "ಸಾಮೊ ಮುದುಕಿ ಸತ್ತಳು. ಮೋಸ್ಸಿಗಳು ಬಂದು ಹೂಳಿ. ಆಳು ಮೇಲೆ ಬಂದು ಅಳೋವರೆಗೂ ಹೆಣ ಏಳಲ್ಲ." ಮೋಸ್ಸಿ ಗಂಡಸರೆಲ್ಲ ಬಂದು ಎದೆ ಬಡಿದುಕೊಂಡು ಅಳತೊಡಗಿದರು. ಒಬ್ಬ ನನ್ನ ಚಪ್ಪಲಿ ಕದ್ದ, "ಸತ್ತವಳಿಗೆ ಯಾಕೆ" ಅಂತ. ಮುದುಕರು ಸತ್ತಾಗ ನಾವೂ ನೀವೂ ಆಡುವ ಆಟ ಪೂರ್ತಿ ನಡೆಯಿತು. ಎಳೆಯರು ಸತ್ತಾಗ ಬಾಯಿ ಕಟ್ಟಿಕೊಳ್ಳುತ್ತೇವೆ, ಬೈಗುಳವೂ ಇಲ್ಲ ನಗುವೂ ಇಲ್ಲ, ಅದು ಬೇರೆ. ಐವತ್ತೈದರ ಹೆಣಕ್ಕೆ ನಗಬಹುದು ತಾನೆ.

ಈ ಆಟಕ್ಕೆ ಬೆನ್ನು ತಿರುಗಿಸುವ ಮೋಸ್ಸಿ ಇನ್ನೂ ಹುಟ್ಟಿಲ್ಲ. ಹಗ್ಗ ಅಲುಗಿತು, ನಿನ್ನ ಮಗ ಮೇಲೆ ಬಂದ, ಮುಖದ ತುಂಬ ಕೆಂಪು ಮಣ್ಣು, ನಗು ತಡೆದುಕೊಳ್ಳಲಾಗದೆ ಅಳುವ ಹಾಗೆ ಮಾಡುತ್ತಾ. ಆಮೇಲೆ ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದ, "ತಮಾಷೆ ಬಿಟ್ಟು ಹೇಳಿ ಚಿಕ್ಕಮ್ಮ. ಮಕ್ಕಳಾಗಲ್ಲ ಅನ್ನೋದು ನಿಜಾನಾ?"

"ಸುಳ್ಳು. ನನ್ನ ತಮ್ಮನ ಮಕ್ಕಳಿಗೆಲ್ಲ ನನ್ನ ಕೈಯಾರೆ ಹಾಕಿದೀನಿ. ನನ್ನ ವಂಶಕ್ಕೆ ನಾನೇ ಕೊಡಲಿ ಹಾಕ್ಕೋತೀನೇನೋ? ತೋಳು ಎರಡು ದಿನ ನೋಯತ್ತೆ, ಮೈ ಬೆಚ್ಚಗಾಗಬಹುದು. ಅಷ್ಟೇ."

ತೋಳು ಚಾಚಿದ. ಅವನ ಹಿಂದೆ ಗುಂಡಿಯಲ್ಲಿ ಅಡಗಿದ್ದ ಇನ್ನೂ ಹನ್ನೊಂದು ಜನ ಮೇಲೆ ಬಂದರು. ಮೋಸ್ಸಿಗಳು ಹೇಗೂ ಕುರಿಗಳು, ಒಂದು ಬಂದರೆ ಎಲ್ಲ ಬರುತ್ತವೆ.

ನಿನ್ನ ಮುಳ್ಳುಬೇಲಿ ಈಗ ಪೂರ್ತಿ ಆಯಿತು ತಲಾತೊ. ನೆಮ್ಮದಿಯಾಗಿ ಹಬ್ಬ ಮಾಡು. ಚಪ್ಪಲಿ ಇನ್ನೂ ವಾಪಸ್ ಬಂದಿಲ್ಲ.

ಹೂಳದೆ ಉಳಿದ,
ಒಡೀಲ್


ತೂಗಾನ್
24 ಫೆಬ್ರವರಿ 2011

ಕತ್ತೆ ಕಿವಿಯವಳಿಗೆ,

ಗಾಳಿ ಜೋರಾಗಿದೆ. ಮುಂಚೆ ಈ ಹೊತ್ತಿಗೆ ಇಲ್ಲಿಯ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ನಡೆಯಲು ಜಾಗ ಇರುತ್ತಿರಲಿಲ್ಲ. ಈ ವರ್ಷ ಗೋಡೆಗೆ ಸುಣ್ಣ ಬಳಿದು, ಚಾಪೆ ಹಾಸಿ, ಕಾಯುತ್ತಾ ಕೂತಿದ್ದೇವೆ. ಯಾರೂ ಬರುತ್ತಿಲ್ಲ. ಅಡುಗೆಯವಳು ಅಲ್ಲಿ ಬೆಂಡೆಕಾಯಿ ಒಣಹಾಕಿದ್ದಾಳೆ. ಅದನ್ನು ನೋಡಲು ದಿನಕ್ಕೊಂದು ಸಲ ಸುಮ್ಮನೆ ಹೋಗಿ ಬರುತ್ತೇನೆ. ಬೆಂಡೆಕಾಯಿ ಇಷ್ಟು ಚೆಂದ ಎಂದು ನನಗೆ ಗೊತ್ತಿರಲಿಲ್ಲ.

ಬಂದವನು ಒಬ್ಬನೇ. ಬಕಾರಿ ಎಂಬ ಹುಡುಗ, ಜನವರಿಯಲ್ಲಿ ಗಡಿ ದಾಟಿ ಬಂದವನು. ಅವನ ಊರಿಗೆ ಈ ಸೂಜಿ ಇನ್ನೂ ಹೋಗಿಲ್ಲ. ಅರ್ಜುಮಾನ ಗುಂಡಿಯಲ್ಲೇ ಕೆಲಸ, ಅವನ ಚಾಪೆಯಲ್ಲೇ ನಿದ್ದೆ, ಒಂದೇ ತಟ್ಟೆ, ಒಂದೇ ಲೋಟ. ತಲೆನೋವು ಎಂದು ಬೆಳಿಗ್ಗೆ ಗುಂಡಿಗೆ ಇಳಿಯಲಿಲ್ಲ, ಮಧ್ಯಾಹ್ನಕ್ಕೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಅರ್ಜುಮಾ ಅವನ ಕತ್ತು ಬಗ್ಗದ್ದನ್ನು ನೋಡಿ, ಮೊಪೆಡ್ ಹಿಂದೆ ತನ್ನ ಸೊಂಟಕ್ಕೆ ಕಟ್ಟಿಕೊಂಡು ತಂದ. ಬೆನ್ನಿನಿಂದ ತೆಗೆದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು, ಅದೇ ಈ ರೋಗದ ಗುರುತು. ಹುಡುಗ ಬದುಕಿದ. ಕಿವಿ ಎರಡೂ ಹೋದವು. ಅವನಿಗೆ ಇಪ್ಪತ್ತು ಕೂಡ ಆಗಿಲ್ಲ. ಏಳುತ್ತಲೇ ನನ್ನ ತುಟಿಯನ್ನು ನೋಡಿ, ಯಾಕೆ ಸದ್ದಿಲ್ಲದೆ ಮಾತಾಡುತ್ತೀರಿ ಎಂದು ಕೇಳಿದ. ಲೂಸಿಗೆ ಹೇಳು, ಕೈ ಮಾತಿನ ಅಕ್ಷರಗಳನ್ನು ಬಿಡಿಸಿ ಕಳಿಸಲಿ. ಬೇಗ ಬೇಕು.

ನಿನ್ನ ಮಗನಿಗೆ ಏನೂ ಆಗಿಲ್ಲ. ಡಿಸೆಂಬರ್‌ನಲ್ಲಿ ಆ ಗುಂಡಿಯಿಂದ ಮೇಲೆ ಬರದಿದ್ದರೆ ಇವತ್ತು ಏನು ಬರೆಯುತ್ತಿದ್ದೆನೋ ಗೊತ್ತಿಲ್ಲ. ಮನೆಗೆ ಹೋಗಲು ಹೆದರುತ್ತಿದ್ದಾನೆ, ಮಗುವಿಗೆ ಏನಾದರೂ ತಂದುಬಿಡುತ್ತೇನೆಂದು. ನಾನೇ ಒತ್ತಾಯ ಮಾಡಿ ಬಸ್ಸು ಹತ್ತಿಸಿದ್ದೇನೆ. ಹತ್ತು ದಿನ ಕಾದು ನೋಡಿದೆ, ಕಲ್ಲಿನ ಹಾಗಿದ್ದಾನೆ. ಎತ್ತಿಕೊಳ್ಳಲಿ, ಮುದ್ದಿಸಲಿ. ಇದು ನನ್ನ ಮಾತು.

ಒಡೀಲ್


ಗೂರ್ಸಿ ಆಸ್ಪತ್ರೆ
27 ಮಾರ್ಚ್ 2011

ಒಡೀಲ್,

ನೊಯೆಲಿಗೆ ನಿನ್ನೆಯಿಂದ ಜ್ವರ ಇತ್ತು. ಇವತ್ತು ಬೆಳಿಗ್ಗೆ ಲೂಸಿ ಅವಳನ್ನು ಬೆನ್ನಿಗೆ ಕಟ್ಟಿಕೊಳ್ಳಲು ಬಗ್ಗಿದಳು. ದಿನಾ ಕಟ್ಟಿದ ಕೂಡಲೇ ಗಲ್ಲ ಊರಿ ಅಮ್ಮನ ಬೆನ್ನಿಗೆ ಅಂಟಿಕೊಳ್ಳುವ ಮಗು. ಇವತ್ತು ಅಂಟಲಿಲ್ಲ. ಮೈ ಹಿಂದಕ್ಕೆ ಬಿಲ್ಲಾಗಿ ಸೆಟೆದಿತ್ತು. ಲೂಸಿ ಬಟ್ಟೆ ಬಿಚ್ಚಿ ನನ್ನ ಮುಖ ನೋಡಿದಳು. ಅವಳು ಏನೂ ಹೇಳಬೇಕಾಗಿರಲಿಲ್ಲ.

ನೀನು ಹೇಳಿದ ಹಾಗೆ ಮಾಡಿದೆ. ಯಾರನ್ನೂ ಕರೆಯಲಿಲ್ಲ, ನೇರ ಇಲ್ಲಿಗೆ ಬಂದೆವು. ದಾರಿಯಲ್ಲಿ ಮಗುವಿನ ಮೈ ಕೈ ಅದುರಿತು. ಒಳಗೆ ತೆಗೆದುಕೊಂಡು ಹೋಗಿದ್ದಾರೆ. ಬೆನ್ನಿನಿಂದ ನೀರು ತೆಗೆಯುತ್ತಾರಂತೆ. ನಮ್ಮನ್ನು ಹೊರಗೆ ಕೂರಿಸಿದ್ದಾರೆ.

ಬಸ್ಸು ಹೊರಡುತ್ತಿದೆ, ಇದನ್ನು ಡ್ರೈವರ್ ಕೈಗೆ ಕೊಡುತ್ತೇನೆ.

ತಲಾತೊ


ತೂಗಾನ್
2 ಏಪ್ರಿಲ್ 2011

ತಲಾತೊ, ನನ್ನ ಅಕ್ಕ,

ನಿನ್ನ ಪತ್ರದ ಮೊದಲ ಸಾಲು ನೋಡಿದೆ. ಬರೀ ನನ್ನ ಹೆಸರು. ಕೊನೆಯ ಸಾಲು ನೋಡಿದೆ, ಬರೀ ನಿನ್ನ ಹೆಸರು. ನಡುವೆ ಬರೆದದ್ದನ್ನು ಓದುವ ಮೊದಲೇ ನನಗೆ ತಿಳಿದುಹೋಯಿತು. ನೀನು ನನಗೆ ಬೈಯದೆ ಇದ್ದದ್ದು ಬದುಕಿನಲ್ಲಿ ಒಂದೇ ಸಲ.

ಗೂರ್ಸಿ ಆಸ್ಪತ್ರೆಗೆ ಕೇಳೋಣವೆಂದು ಫೋನ್ ಎತ್ತಿಕೊಂಡೆ. ಕೆಳಗಿಟ್ಟೆ. ಉತ್ತರ ಗೊತ್ತಿರುವುದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಮಳೆ ಬೀಳುವವರೆಗೆ ನಮಗೆ ಯಾರಿಗೂ ರಜೆ ಇಲ್ಲ, ಇಲ್ಲದಿದ್ದರೆ ಈ ಕಾಗದದ ಬದಲು ನಾನೇ ಬರುತ್ತಿದ್ದೆ.

ಅರ್ಜುಮಾನನ್ನು ಕಳಿಸಿದವಳು ನಾನು. ಎತ್ತಿಕೊಳ್ಳಲಿ ಎಂದವಳು ನಾನು. ಆ ಸೂಜಿಯ ಮೇಲೆ ನನಗೆ ಈಗಲೂ ನಂಬಿಕೆ ಇದೆ, ನಾಳೆಯೂ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಅವನಿಂದ ಬಂದಿರಲಾರದು, ಬೇರೆ ಜಾತಿಯ ರೋಗಾಣು ಇರಬೇಕು, ದಯವಿಟ್ಟು ಅವನ ಮೇಲೆ ಯಾರೂ ಹೊರಿಸಬೇಡಿ. ಲೂಸಿಗೆ ಹೇಳು, ಅವಳು ಮಾಡಿದ್ದರಲ್ಲಿ ಒಂದು ಚೂರೂ ತಪ್ಪಿಲ್ಲ. ಯಾವ ನರ್ಸೂ ಅದಕ್ಕಿಂತ ಬೇಗ ಗುರುತಿಸುತ್ತಿರಲಿಲ್ಲ.

ಈ ಪತ್ರದಲ್ಲಿ ಬೈಗುಳ ಇರುವುದಿಲ್ಲ. ಇನ್ನೊಂದು ಹಾಳೆ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಬರೆಯುವುದು ಬೇರೆ.

ಅನ್ಸೆಲ್ಮ್.

ಈ ಹೆಸರನ್ನು ಹದಿನೈದು ವರ್ಷದಿಂದ ನಾನು ಬಾಯಿಗೆ ತಂದಿಲ್ಲ, ಕೈಯಿಂದಲೂ ಬರೆದಿಲ್ಲ. ನನ್ನ ಮಗ ಸಾರು ಮುಟ್ಟದೆ ಬರೀ ಮುದ್ದೆ ತಿನ್ನುತ್ತಿದ್ದ. ನಿನ್ನ ಲೂಸಿಯ ಚಪ್ಪಲಿ ಕದ್ದು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಿದ್ದ. ಆ ಶೆಡ್ಡಿನಲ್ಲಿ ಅವರಿಬ್ಬರ ಚಾಪೆ ಅಕ್ಕಪಕ್ಕ ಇತ್ತು. ಆಗ ಸೂಜಿಯ ಪೆಟ್ಟಿಗೆ ಬರುತ್ತಿದ್ದದ್ದು ರೋಗ ಹಬ್ಬಿದ ಮೇಲೆ. ಗೂರ್ಸಿಗೆ ಬಂದದ್ದು ಅವನನ್ನು ಮಣ್ಣು ಮಾಡಿ ಬಂದ ಮರುದಿನ. ಸಾಲಿನಲ್ಲಿ ನಿಂತಿದ್ದ ಅಷ್ಟೂ ಮಕ್ಕಳಿಗೆ ನಾನೇ ಹಾಕಿದೆ. ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಅಂದರು. ನನಗೆ ಪ್ರತಿಯೊಂದು ತೋಳೂ ಅವನದೇ ಅನ್ನಿಸುತ್ತಿತ್ತು.

ಆಮೇಲೆ ನೀನು ದಿನಾ ಸಂಜೆ ಬಂದು, ಮುದ್ದೆಯ ಪಾತ್ರೆ ಇಟ್ಟು, ಒಂದೂ ಬೈಗುಳ ಆಡದೆ ಕೂತು ಎದ್ದು ಹೋಗುತ್ತಿದ್ದೆ. ಮೊದಲ ಮಳೆ ಬಿದ್ದ ದಿನ ಬಾಗಿಲಲ್ಲಿ ನಿಂತು, "ಏಯ್ ನಾಯಿ ತಲೆ, ನನ್ನ ಪಾತ್ರೆಗಳೆಲ್ಲ ಎಲ್ಲೇ?" ಅಂದೆ. ನಾನು ಸೌಟು ಎತ್ತಿ ನಿನ್ನ ಮೇಲೆ ಎಸೆದೆ. ಆಮೇಲೆ ಅತ್ತೆ. ಅಲ್ಲಿಯವರೆಗೂ ನಾನು ಅತ್ತಿರಲಿಲ್ಲ, ಅದು ನಿನಗೆ ಗೊತ್ತಿತ್ತು ಅಂತ ಕಾಣುತ್ತದೆ.

ಈಗ ನನ್ನ ಸರದಿ. ಮಳೆ ಬೀಳುವವರೆಗೆ ನಾನೂ ಬೈಯುವುದಿಲ್ಲ. ಬಿದ್ದ ದಿನ ನಿನ್ನ ಬಾಗಿಲಲ್ಲಿ ಇರುತ್ತೇನೆ.

ನಿನ್ನ
ಒಡೀಲ್


ಗೂರ್ಸಿ
9 ಏಪ್ರಿಲ್ 2011

ಏಯ್ ನಾಯಿ ತಲೆ,

ತಿಂದು ತಿಂದು ನಿನ್ನ ತಲೆಯೂ ಅದೇ ಆಗಿದೆಯೇನೇ? ಯಾರು ಸತ್ತರು ಅಂತ ಅಳುತ್ತಾ ಕೂತಿದ್ದೀಯ?

ಆಸ್ಪತ್ರೆಯ ಬೆಂಚಿನ ಮೇಲೆ, ಒಳಗೆ ಮಗುವಿನ ಬೆನ್ನಿಗೆ ಸೂಜಿ ಹಾಕುತ್ತಿರುವಾಗ, ಬಸ್ಸಿನ ಡ್ರೈವರ್ ಹಾರನ್ ಹೊಡೆಯುತ್ತಿರುವಾಗ ನಿನ್ನನ್ನು ಬೈಯಲು ನೆನಪಾಗಲಿಲ್ಲ, ಅಷ್ಟೇ. ಅದೊಂದು ತಪ್ಪಿಗೆ ನನ್ನ ಮೊಮ್ಮಗಳನ್ನು ಮಣ್ಣು ಮಾಡಿಬಿಟ್ಟೆಯಲ್ಲ! ನಡುವೆ ಬರೆದದ್ದನ್ನು ಓದುವ ಮೊದಲೇ ತಿಳಿದುಹೋಯಿತಂತೆ. ಸಾಮೊಗಳಿಗೆ ಯಾರು ಓದು ಕಲಿಸಿದರೋ!

ಬಸ್ಸು ಹೋಗಿ ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಕೈಯಲ್ಲಿ ಚಿಕ್ಕ ಗಾಜಿನ ಕೊಳವೆ. ಅದನ್ನು ಬಿಸಿಲಿಗೆ ಹಿಡಿದರು. ನೀನು ಬಕಾರಿಯ ನೀರಿನ ಬಗ್ಗೆ ಬರೆದದ್ದು ಲೂಸಿಗೂ ನನಗೂ ನೆನಪಿತ್ತು, ಇಬ್ಬರೂ ಎದ್ದು ಅವರ ಕೈ ಕೆಳಗೆ ಹೋಗಿ ನಿಂತೆವು. ತಿಳಿಯಾಗಿತ್ತು ಒಡೀಲ್. ಮುಂಜಾನೆ ಯಾರೂ ಮುಟ್ಟುವ ಮೊದಲು ಬಾವಿಯಿಂದ ಸೇದಿದ ಹಾಗೆ ತಿಳಿಯಾಗಿತ್ತು. ಅದರಾಚೆ ಡಾಕ್ಟರ ಹೆಬ್ಬೆರಳಿನ ಗೆರೆ ಕಾಣುತ್ತಿತ್ತು. ಲೂಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ರಕ್ತದಲ್ಲಿ ಮಲೇರಿಯಾ ಸಿಕ್ಕಿತು, ತಲೆಗೇರಿದ್ದರಿಂದ ಮೈ ಸೆಟೆದಿತ್ತಂತೆ. "ಇನ್ನು ಅರ್ಧ ದಿನ ಮನೇಲೇ ಇಟ್ಕೊಂಡಿದ್ರೆ ಉಳಿಸೋದೇ ಕಷ್ಟ ಆಗ್ತಿತ್ತು ಅಜ್ಜಿ" ಅಂದರು. ಒಂದು ವಾರ ಅಲ್ಲೇ ವರಾಂಡದಲ್ಲಿ ಬಿದ್ದುಕೊಂಡಿದ್ದೆವು. ಪೆನ್ನು ಎತ್ತಲು ಕೈ ಬರಲಿಲ್ಲ, ಅದು ಮಾತ್ರ ನನ್ನ ತಪ್ಪು. ನೀನು ಆ ಕಾಗದ ಬರೆಯುತ್ತಿದ್ದ ದಿನ ಇವಳು ವರಾಂಡದಲ್ಲಿ ಕೂತು ಮಾವಿನ ಓಟೆ ಚೀಪುತ್ತಿದ್ದಳು.

ಅಲ್ಲಿಯ ಹಿಂದಿನ ಶೆಡ್ಡನ್ನೂ ನೋಡಿ ಬಂದೆ, ಲೂಸಿ ಮಲಗಿದ್ದ ಶೆಡ್ಡು. ಖಾಲಿ. ನಿಮ್ಮಲ್ಲಿ ಬೆಂಡೆಕಾಯಿ ಆದರೆ ನಮ್ಮಲ್ಲಿ ಕಾವಲುಗಾರನ ಕೋಳಿಗಳು.

ನಿನ್ನ ಪತ್ರವನ್ನು ಅರ್ಜುಮಾ ಗಟ್ಟಿಯಾಗಿ ಓದಿದ. ಮೊದಲ ಹಾಳೆಗೆ ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು, ಸತ್ತವಳು ಎಲ್ಲರಿಗಿಂತ ಜೋರಾಗಿ ನಕ್ಕಳು. ಎರಡನೆಯ ಹಾಳೆಗೆ ಬಂದಾಗ ಅವನು ನಿಲ್ಲಿಸಿ ನನ್ನ ಕೈಗೆ ಕೊಟ್ಟ. ನಾನು ಓದಿ ಲೂಸಿಗೆ ಕೊಟ್ಟೆ. ಅವಳು ಓದಿ, ಬಲಗೈಯನ್ನು ಎಡ ಕಂಕುಳಕ್ಕೆ ಒತ್ತಿ ಹಿಡಿದು ತೋರಿಸಿದಳು. ಏನು ಅಂದೆ. ಅದು ಅವನ ಹೆಸರಂತೆ. ಕೈ ಮಾತಿನಲ್ಲಿ ಅವಳು ಅನ್ಸೆಲ್ಮ್‌ನನ್ನು ಕರೆಯುವುದು ಹಾಗೆ, ಕಂಕುಳಲ್ಲಿ ಚಪ್ಪಲಿ. ಕಿವುಡರ ಶಾಲೆಗೆ ಸೇರಿದ ಮೊದಲ ದಿನ, ನಿನಗೆ ಯಾರು ಗೆಳೆಯರು ಎಂದು ಟೀಚರ್ ಕೇಳಿದಾಗ ಅದನ್ನು ಮಾಡಿ ತೋರಿಸಿದ್ದಳಂತೆ. ಇಷ್ಟು ವರ್ಷ ಅವಳು ಆ ಹೆಸರನ್ನು ಕರೆಯುತ್ತಲೇ ಇದ್ದಾಳೆ, ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ನಾನು ಅತ್ತೆ ಒಡೀಲ್. ನಿನ್ನ ಮುಂದೆ ಅಳಬಾರದು ಎಂದು ಆಗ ಹಿಡಿದಿಟ್ಟುಕೊಂಡಿದ್ದನ್ನೂ ಸೇರಿಸಿ ಅತ್ತೆ.

ಮಳೆ ಬಿದ್ದ ದಿನ ಬರುತ್ತೇನೆ ಅಂದಿದ್ದೀಯ. ಆ ಮಾತು ತಪ್ಪಬೇಡ. ಚಪ್ಪಲಿ ಸಿಕ್ಕಿದೆ, ಕದ್ದವನಿಂದ ಕಿತ್ತುಕೊಂಡು ಬಚ್ಚಿಟ್ಟವನು ನನ್ನ ಮಗನೇ, ಬಂದು ತೆಗೆದುಕೊಂಡು ಹೋಗು. ಬಕಾರಿಯನ್ನೂ ಕರೆದುಕೊಂಡು ಬಾ, ಚಿತ್ರ ನೋಡಿ ಕೈ ಮಾತು ಬರುವುದಿಲ್ಲ, ಎದುರಿಗೇ ಕೂತು ಕಲಿಯಬೇಕು ಎನ್ನುತ್ತಾಳೆ ಲೂಸಿ. ನನ್ನ ಸೌಟು ತೊಳೆದು ಬಾಗಿಲ ಹತ್ತಿರ ಇಟ್ಟಿದ್ದೇನೆ. ಈ ಸಲ ಎಸೆಯುವವಳು ನಾನು.

ನಿನ್ನ ಮೊದಲ ಹಾಳೆಯನ್ನು ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ, ನಮಗೆ ಬೇಡ. ಬಲಗಡೆ ಮೂಲೆ ಎಲ್ಲಿ ಎಂದು ಹುಡುಕಬೇಡ, ಸತ್ತವಳು ಕಚ್ಚಿ ನುಂಗಿದ್ದಾಳೆ. ಅಂಚಿನಲ್ಲಿ ನಾಲ್ಕು ಹಲ್ಲಿನ ಗುರುತಿದೆ, ಬೆಳಕಿಗೆ ಹಿಡಿದು ನೋಡು.

ಎರಡನೆಯ ಹಾಳೆ ಕೊಡುವುದಿಲ್ಲ. ಅದು ಲೂಸಿಯ ಪೆಟ್ಟಿಗೆಯಲ್ಲಿದೆ.

ನಿನ್ನ ಒಡತಿ,
ತಲಾತೊ